ಅಂಚಿನ ಲೆಕ್ಕ

ಕೆಲಸಕ್ಕೆ ಸೇರಿದ ಹೊಸದು. 2.4 ಗಿಗಾಹರ್ಟ್ಸ್‌ನ ವೈಫೈ ಆಂಟೆನಾ ಸಿಮ್ಯುಲೇಟ್ ಮಾಡುತ್ತಿದ್ದೆ. ತಾಮ್ರದ ಪಟ್ಟಿಯನ್ನು ಸಾಫ್ಟ್‌ವೇರ್ ಪುಟ್ಟ ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತೆ, ಅದೇ ಮೆಶ್. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಎಡ್ಜ್ ಮೆಶ್ ಆನ್ ಮಾಡಿದರೆ ಅಂಚಿನಲ್ಲಿ ಇನ್ನೂ ಸಣ್ಣ ಚೌಕಗಳು. ಆದರೆ ರಾತ್ರಿಯಿಡೀ ಓಡಬೇಕು. ಆಫ್ ಮಾಡಿದೆ. ಹತ್ತೇ ನಿಮಿಷಕ್ಕೆ ಚೆಂದದ ಗ್ರಾಫ್!

ಬೋರ್ಡ್ ಮಾಡಿಸಿ ಅಳೆದರೆ ಫ್ರೀಕ್ವೆನ್ಸಿ ಆಚೆ ಸರಿದಿತ್ತು. ಇಂಥ ಪಟ್ಟಿಯಲ್ಲಿ ಕರೆಂಟ್ ಅಂಚಿಗೇ ಹೆಚ್ಚು ಒತ್ತಿಕೊಂಡು ಹರಿಯುತ್ತೆ. ಕಾಲೇಜಲ್ಲಿ ಓದಿದ್ದೆ, ಮರೆತಿದ್ದೆ. ಮ್ಯಾನೇಜರ್ ಮುಂದೆ ತಪ್ಪೊಪ್ಪಿಕೊಂಡೆ.

ಮನೆಗೆ ಬಂದರೆ ಅಮ್ಮ ಸೀರೆಗೆ ಫಾಲ್ ಹೊಲಿಯುತ್ತಿದ್ದಳು.

"ಅಂಚಿಗೆ ಯಾಕಮ್ಮ ಇಷ್ಟು ಒದ್ದಾಟ?"

"ಮೊದಲು ಸವೆಯೋದು ಅದೇ ಅಲ್ವೇನೋ!"

ಮರುದಿನ ಎಡ್ಜ್ ಮೆಶ್ ಆನ್ ಮಾಡಿ, ರಾತ್ರಿಯಿಡೀ ಓಡಲು ಬಿಟ್ಟು ಬಂದೆ.