ಕುಕ್ಕರಲ್ಲಿ ಕುದಿಯೋ ಗಾಜು

ಬಯಾಪ್ಸಿ ರಿಪೋರ್ಟಿನ ಕೊನೇಲಿ ‘ಐಎಚ್‌ಸಿ ಮಾಡಿಸಿ’ ಅಂತ ಒಂದು ಸಾಲು ಬಂತು ಅಂದ್ರೆ ಆ ಮನೇಲಿ ಅವತ್ತು ಒಲೆ ಹಚ್ಚೋರಿರಲ್ಲ. ಇದನ್ನ ನಾನು ಎರಡು ಕಡೆಯಿಂದ್ಲೂ ನೋಡಿದೀನಿ. ಹೆಸರಘಟ್ಟದಿಂದ ದಿನಾ ಬಸ್ಸಿಡಿದು ಯಲಹಂಕ ಕಡೆ ಲ್ಯಾಬಿಗೆ ಹೋಗ್ತೀನಲ್ಲ, ಆ ಪರೀಕ್ಷೆ ಮಾಡೋದೇ ನನ್ನ ಕೆಲಸ. ಹೋದ ವರ್ಷ ನನ್ನ ವಾರಗಿತ್ತಿ ರಿಪೋರ್ಟಲ್ಲೇ ಆ ಸಾಲು ಬಂತು. (ಬರೀಲಾ ಅಂತ ಅವಳನ್ನೂ ಕೇಳಿದೀನಿ, ಅತ್ತೇನೂ ಕೇಳಿದೀನಿ. ಬರಿ ಅಂದ್ರು.)

ಅವಳಿಗಿನ್ನೂ ಮೂವತ್ತೆರಡು. ಎರಡನೇ ಮಗು ಹಾಲು ಬಿಟ್ಟು ವರ್ಷ ಆಗಿತ್ತು. ಎಡಗಡೆ ಎದೇಲಿ ನಿಂಬೆಹಣ್ಣಿನಷ್ಟು ಗಂಟು, ಕಲ್ಲಿನ ಥರ ಗಟ್ಟಿ, ಮೇಲಿನ ಚರ್ಮ ಒಳಕ್ಕೆ ಎಳ್ಕೊಂಡಂಗೆ. ಒಂದೂವರೆ ತಿಂಗಳು ಯಾರಿಗೂ ಹೇಳ್ದೆ ಸೆರಗಲ್ಲಿ ಮುಚ್ಕೊಂಡಿದ್ಲು. ಕೊನೆಗೆ ಸ್ಕ್ಯಾನು, ಸೂಜಿ ಹಾಕಿ ಬಯಾಪ್ಸಿ. ರಿಪೋರ್ಟಲ್ಲಿ, ದೊಡ್ಡ ದೊಡ್ಡ ಜೀವಕೋಶಗಳ ಗುಂಪು ಕಾಣ್ತಿದೆ, ಗ್ರಾನುಲೋಮ ಇರಬಹುದು, ಖಚಿತಕ್ಕೆ ಸಿಡಿ68 ಮತ್ತು ಸೈಟೋಕೆರಾಟಿನ್ ಮಾಡಿಸಿ ಅಂತಿತ್ತು.

“ಕ್ಯಾನ್ಸರ್ ಇರೋದಕ್ಕೇ ತಾನೆ ಇನ್ನೊಂದು ಟೆಸ್ಟು?” ಅಂತ ಅತ್ತೆ ಗೋಡೆಗೊರಗಿ ಕೂತ್ಬಿಟ್ರು. ಯಾರೋ ಗ್ರಾನುಲೋಮ ಅಂದ್ರೆ ಟಿಬಿ ಅಂದ್ರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, ಅವಳ ಲೋಟ ಮಾತ್ರ ಬೇರೆ ಗೂಡಿಗೆ ಹೋಯ್ತು. ಅವಳಿಗೆ ಗಂಟಿಗಿಂತ ಆ ಲೋಟ ಜಾಸ್ತಿ ನೋವು ಕೊಡ್ತು.

ಅವಳ ಸ್ಯಾಂಪಲ್ ಹೋಗಿದ್ದು ಬೇರೆ ಲ್ಯಾಬಿಗೆ. ನನ್ನ ಕೈಲಾಗಿದ್ದು ಆ ನಾಲ್ಕು ದಿನ ಅಡುಗೆಮನೇಲಿ ಕೂತು ವಿವರಿಸೋದಷ್ಟೇ.

ನಮ್ಮ ಮೈಯಲ್ಲಿ ಮ್ಯಾಕ್ರೋಫೇಜ್ ಅಂತ ಜೀವಕೋಶ ಇದಾವೆ. ದೊಡ್ಡ ಹೊಟ್ಟೆಬಾಕ ಅಂತ ಅರ್ಥ. 1882ರಲ್ಲಿ ಮೆಚ್ನಿಕಾಫ್ ಅನ್ನೋರು ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಇಟ್ಟು ಬೆಳಿಗ್ಗೆ ನೋಡಿದ್ರಂತೆ, ಮುಳ್ಳಿನ ಸುತ್ತ ಜೀವಕೋಶಗಳು ಮುತ್ಕೊಂಡಿದ್ವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮೂರ ಸರ್ಕಾರಿ ಹೋರಿ ಫಾರಂ ಗೊತ್ತಲ್ಲ, ಅಂಥ ಕಡೆ ಹೋರಿಗಳಿಗೆ ಟಿಬಿ ಇದ್ಯಾ ಅಂತ ನೋಡೋಕೆ ಚರ್ಮಕ್ಕೆ ಔಷಧಿ ಚುಚ್ಚಿ, ಮೂರು ದಿನ ಬಿಟ್ಟು ದಪ್ಪ ಅಳೀತಾರೆ. ಆ ಊತದಲ್ಲೂ ಇವು ಇರ್ತವೆ.

ತಿಂದು ಮುಗಿಸೋಕಾಗದ್ದು ಸಿಕ್ಕಿದ್ರೆ ಇವು ಗುಂಪುಕಟ್ಟಿ, ಉಬ್ಬಿ, ಗಂಟಾಗ್ತವೆ. ಅದೇ ಗ್ರಾನುಲೋಮ. ತೊಂದರೆ ಏನಪ್ಪಾ ಅಂದ್ರೆ, ಹಂಗೆ ಉಬ್ಬಿದ ಮ್ಯಾಕ್ರೋಫೇಜೂ ಕೆಲವು ಕ್ಯಾನ್ಸರ್ ಕೋಶವೂ ಸೂಜಿಯಲ್ಲಿ ಬಂದ ಚಿಕ್ಕ ಚೂರಲ್ಲಿ ಒಂದೇ ಥರ ಕಾಣಬಹುದು. ಅನುಭವಸ್ಥ ಡಾಕ್ಟರೂ ತಡೀತಾರೆ. ತಡೆದು ಇನ್ನೊಂದು ಪರೀಕ್ಷೆ ಕೇಳೋ ಡಾಕ್ಟರ್ ಒಳ್ಳೆಯವರು ಅಂತ ನಾನಂತೂ ಅಂತೀನಿ.

ಸಿಡಿ68 ಅನ್ನೋದು ಆ ಹೊಟ್ಟೆಬಾಕನ ಹೊಟ್ಟೇಲಿರೋ ಒಂದು ಪ್ರೋಟೀನು. ಅದನ್ನ ಹುಡುಕಿ ಅಂಟ್ಕೊಳ್ಳೋದು ನಮ್ಮ ಬಾಟಲಿಯ ಆಂಟಿಬಾಡಿ. ಇಲಿಯ ಜೀವಕೋಶವನ್ನ ಸಾಯದ ಗಡ್ಡೆ ಕೋಶದ ಜೊತೆ ಕೂಡಿಸಿ ಒಂದೇ ಥರದ ಆಂಟಿಬಾಡಿ ಎಷ್ಟು ಬೇಕಾದ್ರೂ ಮಾಡೋ ವಿದ್ಯೆ 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್, ಮಿಲ್‌ಸ್ಟೈನ್ ಅನ್ನೋರು ಕಂಡುಹಿಡಿದಿದ್ದು. 1989ರಲ್ಲಿ ಆಕ್ಸ್‌ಫರ್ಡಿನವರು ಕೆಪಿ1 ಅನ್ನೋ ಸಿಡಿ68 ಆಂಟಿಬಾಡಿ ಪ್ರಕಟಿಸಿದ್ರು. ಫಾರ್ಮಲಿನ್ನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿದ ಚೂರಲ್ಲೂ ಅದು ಕೆಲಸ ಮಾಡುತ್ತೆ. ನಮ್ಮಂಥ ಲ್ಯಾಬಿಗೆ ಬರೋದೆಲ್ಲ ಅಂಥ ಚೂರೇ ಅಲ್ವಾ.

ಮೇಣದ ಬ್ಲಾಕನ್ನ ನಾಲ್ಕು ಮೈಕ್ರಾನ್ ತೆಳ್ಳಗೆ ಕುಯ್ತೀವಿ, ಈರುಳ್ಳಿ ಪೊರೆ ಇದರ ಮುಂದೆ ರೊಟ್ಟಿ. ಗಾಜಿಗೆ ಹಿಡಿಸಿ, ಮೇಣ ಕರಗಿಸಿ ತೆಗೆದು, ಆಮೇಲೆ ಪ್ರೆಷರ್ ಕುಕ್ಕರಲ್ಲಿ ಕುದಿಸ್ತೀವಿ. ನಗಬೇಡ್ರಿ, ನಿಜವಾದ ಕುಕ್ಕರೇ. ಒಳಗಿನ ನೀರು ಮಾತ್ರ ಸಿಟ್ರೇಟು, ನಮ್ಮ ನಿಂಬೆ ಉಪ್ಪಿನ ವಂಶದ್ದು. ಫಾರ್ಮಲಿನ್ ಹಾಕಿದ ಬೀಗ ಆ ಬಿಸಿಗೆ ಸಡಿಲ ಆಗುತ್ತೆ. ತಣಿದ ಮೇಲೆ ಆಂಟಿಬಾಡಿ ಹನಿ, ಅದರ ಮೇಲೆ ಬಣ್ಣ ತರೋ ಹನಿ. ಹೊಟ್ಟೆಬಾಕ ಇದ್ದ ಕಡೆ ಕಂದು, ಉಳಿದ ಕೋಶದ ಬೀಜವೆಲ್ಲ ನೀಲಿ. ಪಕ್ಕದಲ್ಲೇ ಟಾನ್ಸಿಲ್ ಚೂರೂ ಇಟ್ಟಿರ್ತೀವಿ. ಅದರಲ್ಲಿ ಮ್ಯಾಕ್ರೋಫೇಜ್ ಇದ್ದೇ ಇರ್ತವೆ, ಅದೇ ಕಂದಾಗಲಿಲ್ಲ ಅಂದ್ರೆ ಅವತ್ತಿನ ಕೆಲಸ ನಂಬಬಾರದು. ಸಿಡಿ68 ಒಂದನ್ನೇ ನಂಬೋದೂ ಸರಿಯಲ್ಲ, ಬೇರೆ ಕೆಲವು ಕೋಶಗಳೂ ಈ ಬಣ್ಣ ಕುಡೀತವೆ. ಅದಕ್ಕೇ ಜೊತೆಗೆ ಸೈಟೋಕೆರಾಟಿನ್. ಎದೆ ಕ್ಯಾನ್ಸರಿನ ಕೋಶ ಸಾಮಾನ್ಯವಾಗಿ ಅದರಲ್ಲಿ ಕಂದಾಗುತ್ತೆ.

ಐದನೇ ದಿನ ರಿಪೋರ್ಟ್ ಬಂತು. ದೊಡ್ಡ ಕೋಶಗಳೆಲ್ಲ ಸಿಡಿ68ಕ್ಕೆ ಕಂದು. ಸೈಟೋಕೆರಾಟಿನ್ನಲ್ಲಿ ಹಾಲಿನ ನಾಳಗಳಷ್ಟೇ ಕಂದು, ಈ ಕೋಶಗಳಿಗೆ ಬಣ್ಣ ಹತ್ತಿಲ್ಲ. ಟಿಬಿ ಕ್ರಿಮಿಗೆ ಹಾಕೋ ಬಣ್ಣದಲ್ಲಿ ಏನೂ ಇಲ್ಲ, ಜೀನ್ ಪರೀಕ್ಷೆಯಲ್ಲೂ ಇಲ್ಲ. ಗ್ರಾನುಲೋಮಾಟಸ್ ಮಾಸ್ಟೈಟಿಸ್ ಅಂದ್ರು. ಹೆರಿಗೆಯಾಗಿ ಕೆಲವು ವರ್ಷದೊಳಗಿನ ಹೆಂಗಸರಲ್ಲಿ ಬರೋದು, ಕ್ಯಾನ್ಸರ್ ಅಲ್ಲ, ಅಂಟೋದೂ ಅಲ್ಲ.

ಅತ್ತೆ ಏನೂ ಮಾತಾಡದೆ ಎದ್ದು ಲೋಟ ತಂದು ಎಲ್ಲರ ಲೋಟದ ಜೊತೆ ಜೋಡಿಸಿದ್ರು. ಅವಳು ಅದಕ್ಕೇ ಅತ್ತಿದ್ದು, ರಿಪೋರ್ಟಿಗಲ್ಲ.

ಆಮೇಲೆ ಎಲ್ಲ ಸಲೀಸಾಗಿ ಆಯ್ತು ಅಂತ ತಿಳ್ಕೋಬೇಡಿ. ತಿಂಗಳುಗಟ್ಟಲೆ ಮಾತ್ರೆ, ಮಧ್ಯೆ ಒಂದ್ಸಲ ಗಂಟು ಒಡೆದು ಕೀವು ಬಂತು, ಕಲೆ ಉಳೀತು. ಮತ್ತೆ ಬಂದ್ರೂ ಬರಬಹುದು ಅಂದಿದಾರೆ, ಹೋಗಿ ತೋರಿಸ್ಕೊಂಡು ಬರ್ತಾಳೆ.

ಇನ್ನೊಂದು ಮಾತು. ಯಾರ ಮನೇಲಾದ್ರೂ ಬಯಾಪ್ಸಿ ಆಗಿದ್ರೆ, ಬೇರೆ ಡಾಕ್ಟರ ಹತ್ರ ತೋರಿಸೋಕೆ ಬೇಕು ಅಂತ ಮೇಣದ ಬ್ಲಾಕೂ ಸ್ಲೈಡೂ ಕೇಳಿ. ಸಾಮಾನ್ಯವಾಗಿ ಸಹಿ ಹಾಕಿಸ್ಕೊಂಡು ಕೊಡ್ತಾರೆ. ವರ್ಷಗಳ ಮೇಲೂ ಅದರಿಂದ ಹೊಸ ಪರೀಕ್ಷೆ ಮಾಡಬಹುದು. ಬಿಸಿಲು ಬೀಳೋ ಕಡೆ, ಒಲೆ ಪಕ್ಕ ಇಡಬೇಡಿ, ಮೇಣ ಕರಗುತ್ತೆ. ಅವಳದ್ದು ಬೀರುವಲ್ಲಿ, ಧಾರೆ ಸೀರೆ ಕೆಳಗೆ ಡಬ್ಬೀಲಿದೆ.