ಒಂದು ಭಾಗಾಕಾರದ ಹಿಂದೆ

ಎತ್ತರದ ಕೆರೆಯಿಂದ ತಗ್ಗಿನ ಗದ್ದೆಗೆ ನೀರು ಹರಿಯುವುದನ್ನು ರೈತನು ದಿನವೂ ಕಾಣುತ್ತಾನೆ. ಕೆರೆಯ ಮಟ್ಟ ಏರಿದರೆ ಕಾಲುವೆಯ ಹರಿವು ಹೆಚ್ಚುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದರೆ ಹರಿವು ಕುಗ್ಗುತ್ತದೆ. ಇದನ್ನು ಅರಿಯಲು ಅವನಿಗೆ ಗಣಿತ ಬೇಕಾಗಲಿಲ್ಲ. ಕಣ್ಣಿಗೆ ಕಾಣದ ವಿದ್ಯುತ್ತು ಕೂಡ ತಂತಿಯಲ್ಲಿ ಹರಿಯುವಾಗ ಇಂಥದೇ ಸರಳ ನಿಯಮಕ್ಕೆ ಒಳಪಟ್ಟಿದೆ ಎಂಬುದನ್ನು ಕಂಡುಕೊಳ್ಳಲು ಮಾತ್ರ ಒಬ್ಬ ಶಾಲಾ ಉಪಾಧ್ಯಾಯನು ತನ್ನ ಬಾಳಿನ ಹುರುಪಿನ ವರ್ಷಗಳನ್ನು ಸವೆಸಬೇಕಾಯಿತು.

ಆ ಉಪಾಧ್ಯಾಯನೇ ಜಾರ್ಜ್ ಸೈಮನ್ ಓಮ್. ಜರ್ಮನಿಯ ಎರ್ಲಾಂಗನ್ ಪಟ್ಟಣದಲ್ಲಿ 1789ರಲ್ಲಿ ಅವನ ಜನನ. ತಂದೆ ಬೀಗಗಳನ್ನು ಮಾಡುವ ಕಸಬಿನವನು. ಸ್ವಂತ ಪರಿಶ್ರಮದಿಂದಲೇ ಗಣಿತವನ್ನು ಕಲಿತು ಮಕ್ಕಳಿಗೂ ಕಲಿಸಿದವನು. ಓಮನು 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಅಧ್ಯಾಪಕನಾದನು. ಪಾಠ ಹೇಳಿ ಉಳಿದ ವೇಳೆಯನ್ನು ಅಲ್ಲಿನ ಪ್ರಯೋಗಶಾಲೆಯಲ್ಲಿ ಕಳೆದನು.

ಅಂದಿನ ವಿದ್ಯುತ್ಕೋಶಗಳ ಶಕ್ತಿ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅಳೆಯುತ್ತಿರುವಾಗಲೇ ಪ್ರವಾಹ ಇಳಿದುಹೋದರೆ ಅಳತೆಗೆ ಅರ್ಥವೆಲ್ಲಿಯದು? ಓಮನು ಬೇರೊಂದು ದಾರಿಯನ್ನು ಹಿಡಿದನು. ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದನು. ಆ ಉಷ್ಣತೆಯ ಅಂತರವೇ ಕದಲದ ವಿದ್ಯುತ್ತನ್ನು ಕೊಟ್ಟಿತು. ಬಗೆಬಗೆಯ ಉದ್ದದ ತಂತಿಗಳಲ್ಲಿ ಅದನ್ನು ಹರಿಸಿ, ಮೇಲೆ ತೂಗಬಿಟ್ಟ ಕಾಂತಸೂಚಿಯು ಎಷ್ಟು ಸೆಳೆಯಲ್ಪಡುವುದೆಂದು ಅಳೆದನು. ತಂತಿ ಉದ್ದವಾದಂತೆ ಪ್ರವಾಹ ಕುಗ್ಗಿತು. ಆದರೆ ತಂತಿ ಇಮ್ಮಡಿಯಾದಾಗ ಪ್ರವಾಹ ಸರಿಯಾಗಿ ಅರ್ಧವಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಿರಾಶರಾಗುತ್ತಿದ್ದರೋ ಏನೋ! ಪರೀಕ್ಷೆಯ ತಂತಿಯಷ್ಟೇ ಅಲ್ಲ, ಮಂಡಲದ ಉಳಿದ ಭಾಗವೂ ಪ್ರವಾಹವನ್ನು ತಡೆಯುತ್ತದೆ ಎಂದು ಓಮನು ಅರಿತನು. ಅದನ್ನೂ ಕೂಡಿಸಿಕೊಂಡೊಡನೆ ಲೆಕ್ಕ ಸರಿಹೊಂದಿತು.

1827ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ವಿದ್ವಾಂಸರಿಂದ ದೊರೆತದ್ದು ತಣ್ಣನೆಯ ಸ್ವಾಗತ. ನೊಂದ ಓಮನು ಕಲೋನಿನ ಕೆಲಸವನ್ನು ಬಿಟ್ಟನು. ಹಲವು ವರ್ಷ ಸಣ್ಣಪುಟ್ಟ ಪಾಠಗಳಿಂದ ಜೀವನ ಸಾಗಿಸಿದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲೆ ಪದಕವನ್ನಿತ್ತು ಗೌರವಿಸಿದಾಗ ಅವನಿಗೆ ಐವತ್ತು ದಾಟಿತ್ತು. 1854ರಲ್ಲಿ ಅವನು ತೀರಿಕೊಂಡನು. ರೋಧದ ಅಳತೆಗೆ 1881ರ ಪ್ಯಾರಿಸ್ ಸಮ್ಮೇಳನವು 'ಓಮ್' ಎಂಬ ಹೆಸರನ್ನು ಒಪ್ಪಿದಾಗ ಅದನ್ನು ಕೇಳಲು ಅವನಿರಲಿಲ್ಲ.

ಇಷ್ಟು ಕಷ್ಟದಿಂದ ದೊರೆತ ನಿಯಮವು ಇಂದು ಒಂದು ಭಾಗಾಕಾರ ಮಾತ್ರ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಬರುತ್ತದೆ. ಗುಣಿಸಿದರೆ ವಾಟ್‌ಗಳಲ್ಲಿ ಸಾಮರ್ಥ್ಯ ಬರುತ್ತದೆ. 230 ವೋಲ್ಟಿನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೊಂದು 4 ಆಂಪಿಯರ್ ಎಳೆದರೆ ಅದರ ರೋಧ 57.5 ಓಮ್, ಸಾಮರ್ಥ್ಯ 920 ವಾಟ್. ಲೋಹದ ಉಷ್ಣತೆ ಬದಲಾಗದಿರುವಾಗ ಮಾತ್ರ ಅದರ ರೋಧ ಒಂದೇ ಆಗಿರುತ್ತದೆಂಬುದನ್ನು ಮರೆಯಬಾರದು. ತಂತುದೀಪದ ಎಳೆಯ ರೋಧವು ತಣ್ಣಗಿರುವಾಗ ಇರುವುದಕ್ಕಿಂತ ಉರಿಯುವಾಗ ಎಷ್ಟೋ ಪಟ್ಟು ಹೆಚ್ಚು. ಸಾಲಿನ ಕೊನೆಯ ಹಳ್ಳಿಯಲ್ಲಿ ಒತ್ತಡ 180 ವೋಲ್ಟಿಗೆ ಇಳಿದರೆ, ರೋಧ ಹಾಗೆಯೇ ಇದೆಯೆಂದು ಎಣಿಸಿದಲ್ಲಿ, ಆ ಇಸ್ತ್ರಿಪೆಟ್ಟಿಗೆಗೆ ದೊರೆಯುವುದು ಸುಮಾರು 563 ವಾಟ್. ಒತ್ತಡ ಇಳಿದುದು ಕಾಲು ಭಾಗಕ್ಕಿಂತ ಕಡಿಮೆ. ಕಾವು ಇಳಿದುದು ಮೂರನೆಯ ಒಂದು ಭಾಗಕ್ಕೂ ಮಿಗಿಲು. ಪ್ರವಾಹವೂ ಜೊತೆಗೇ ಕುಗ್ಗುವುದರಿಂದ ನಷ್ಟ ಎರಡು ಕಡೆಯಿಂದ ಬರುತ್ತದೆ.

ಕನ್ನಡ ನಾಡಿನ ಚರಿತ್ರೆಯಲ್ಲಿಯೂ ಈ ಲೆಕ್ಕಕ್ಕೆ ದೊಡ್ಡ ಸ್ಥಾನವುಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕಾವೇರಿಯ ಶಕ್ತಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಯ್ಯರ್ ಅವರು ಹಿಂದಿನ ವರ್ಷವೇ ನಿಧನರಾಗಿದ್ದರು. ಅಷ್ಟು ದೂರದ ತಂತಿಯ ರೋಧದಲ್ಲಿ ಶಕ್ತಿಯೆಲ್ಲ ಕಾವಾಗಿ ಕರಗದೆ ಉಳಿದುದು ಹೇಗೆ? ಒಂದು ಲಕ್ಷ ವಾಟ್ ಶಕ್ತಿಯನ್ನು 5 ಓಮ್ ರೋಧದ ತಂತಿಯಲ್ಲಿ ಕಳುಹಿಸಬೇಕೆಂದು ಊಹಿಸೋಣ. 1,000 ವೋಲ್ಟಿನಲ್ಲಿ ಕಳುಹಿಸಿದರೆ 100 ಆಂಪಿಯರ್ ಹರಿಯಬೇಕು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲೇ 50,000 ವಾಟ್ ನಷ್ಟ. 10,000 ವೋಲ್ಟಿಗೆ ಏರಿಸಿದರೆ 10 ಆಂಪಿಯರ್ ಸಾಕು. ನಷ್ಟ ಕೇವಲ 500 ವಾಟ್. ಒತ್ತಡವನ್ನು ಹತ್ತು ಮಡಿ ಏರಿಸಿದರೆ ನಷ್ಟ ನೂರು ಮಡಿ ಇಳಿಯುತ್ತದೆ. ಭಾರಿ ಒತ್ತಡದ ತಂತಿಗಳು ಎತ್ತರದ ಕಂಬಗಳನ್ನೇರಿ ಹೊಲಗದ್ದೆಗಳನ್ನು ದಾಟುವುದು ಇದಕ್ಕಾಗಿಯೇ.

ಸ್ವಿಚ್ಚನ್ನು ಒತ್ತುವ ಬೆರಳಿಗೆ ಈ ಯಾವುದರ ನೆನಪೂ ಬೇಕಿಲ್ಲ. ಆದರೂ ಪರೀಕ್ಷೆಗೆಂದು ಈ ಭಾಗಾಕಾರವನ್ನು ಮಾಡುವ ವಿದ್ಯಾರ್ಥಿಯು ಕ್ಷಣಕಾಲ ಪೆನ್ನನ್ನು ನಿಲ್ಲಿಸಿ, ಕುದಿಯುವ ನೀರಿಗೂ ಮಂಜುಗಡ್ಡೆಗೂ ನಡುವೆ ಸೂಚಿಯೊಂದರ ಚಲನೆಯನ್ನೇ ನೋಡುತ್ತ ಕುಳಿತಿದ್ದ ಆ ಉಪಾಧ್ಯಾಯನನ್ನು ನೆನೆಯಬಹುದು. ತಾಳೆಯಾಗದ ಅಳತೆಯನ್ನು ಅವನು ಮುಚ್ಚಿಡಲಿಲ್ಲ. ಏಕೆ ತಾಳೆಯಾಗಲಿಲ್ಲವೆಂದು ಕೇಳಿದನು. ನಿಯಮವು ಅವನಿಗೆ ಒಲಿದದ್ದು ಆ ಪ್ರಶ್ನೆಯಿಂದಲೇ.