ಟಿವಿ ಹಿಂದೆ ಸಿಕ್ಕಿಬಿದ್ದ ಸ್ಪೀಡು

ದೊಡ್ಡಆಲಹಳ್ಳಿಯ ನಮ್ಮ ಮನೆಗೆ ಫೈಬರ್ ಬಂದ ದಿನ ನಾವು ಅಕ್ಕ-ತಮ್ಮ '100 ಎಂಬಿಪಿಎಸ್!' ಅಂತ ಕುಣಿದಿದ್ದೇ ಕುಣಿದಿದ್ದು. (ಅದು ಬಿಟ್ ಲೆಕ್ಕ. ಬೈಟ್‌ನಲ್ಲಿ ಸೆಕೆಂಡಿಗೆ 12.5 ಎಂಬಿ ಅಷ್ಟೇ.) ಒಳಕೋಣೆಯಲ್ಲಿ ಅಳೆದರೆ 6! ಒಂದು ರಾತ್ರಿ ಅಸೈನ್‌ಮೆಂಟ್ ಅಪ್‌ಲೋಡ್ ಅರ್ಧಕ್ಕೇ ನಿಂತು, ಡೆಡ್‌ಲೈನ್ ದಾಟಿ, ಇಂಟರ್ನಲ್ಸ್ ಮಾರ್ಕ್ಸ್ ಹೋಯ್ತು. ಕಂಪನಿಯವರಿಗೆ ಬೈದದ್ದಕ್ಕೆ ಲೆಕ್ಕವಿಲ್ಲ.

ಮರುದಿನ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ನೋಡಿದೆವು: 94. ಲೈನ್ ಸರಿಯಾಗೇ ಇತ್ತು. ರೌಟರನ್ನು ಟಿವಿ ಹಿಂದೆ ಬಚ್ಚಿಟ್ಟವರು ನಾವೇ. ನಡುವೆ ಎರಡು ದಪ್ಪ ಕಲ್ಲುಗೋಡೆ ಬೇರೆ. 5 ಗಿಗಾಹರ್ಟ್ಸ್ ವೈಫೈಗೆ ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. 2.4 ದೂರ ಹೋಗುತ್ತೆ, ಆದ್ರೆ ಅಲ್ಲಿ ಪಕ್ಕದ ಮನೆ ವೈಫೈ, ಬ್ಲೂಟೂತ್, ಮೈಕ್ರೋವೇವ್ ಎಲ್ಲಾ ಸೇರಿ ಸಂತೆ. ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ.

ರೌಟರನ್ನು ನಡುಮನೆಯಲ್ಲಿ ಎತ್ತರಕ್ಕೆ ಏರಿಸಿ, ಖಾಲಿಯಿದ್ದ 11ಕ್ಕೆ ಬದಲಿಸಿದೆವು. ಒಳಕೋಣೆಯಲ್ಲಿ ಈಗ 40ರ ಆಸುಪಾಸು. ರಾತ್ರಿ ಎಂಟರ ಮೇಲೆ ಇನ್ನೂ ಕುಂಟುತ್ತೆ. ಆಗ ಎಲ್ಲರ ಮನೆಯಲ್ಲೂ ವಿಡಿಯೋ, ಫೈಬರನ್ನು ಹಂಚಿಕೊಂಡಿರೋದು ಹಲವು ಮನೆಗಳು. ಅದಕ್ಕೇ ನಮ್ಮ ಅಪ್‌ಲೋಡ್ ಈಗ ಬೆಳಗ್ಗೆ, ಅಮ್ಮ ರೇಷ್ಮೆಹುಳಕ್ಕೆ ಸೊಪ್ಪು ಹಾಕೋ ಹೊತ್ತಿಗೆ.